ಮಂಗಳವಾರದ ಹಾರಾಟ

“ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ! ನಿನ್ನ ಕಾಗದ ಒಯ್ದು ನಿನ್ನ ವಿಮಾನಕ್ಕ ಅಂಟಿಸ್ಕೊ ಹೋಗು!”

“ಯಕ್ಕಾ, ಸ್ವಲ್ಪ ದನಿ ಇಳಸು. ಇದು ದವಾಖಾನಿ.”

“ದವಾಖಾನಿ ಅಂತ ನಿನಗ ಗೊತ್ತೈತೇನು? ಕೈ ಮುರಕೊಂಡು ಮಲಗಿದ ಹುಡುಗಿ ಎದಿ ಮ್ಯಾಲೆ ಕಾಗದ ಇಟ್ಟು ಸಹಿ ಹಾಕು ಅಂತೀಯಲ್ಲ, ನಿನಗೂ ಅಕ್ಕ ತಂಗ್ಯಾರು ಅದಾರೋ ಇಲ್ಲೋ?”

ಗಾಳೆಮ್ಮನ ಬಾಯಿಗೆ ಕೊಪ್ಪಳದ ಆ ಆಸ್ಪತ್ರೆಯ ಮೇಲಂತಸ್ತು ಪೂರ್ತಿ ಬಾಗಿಲಿಗೆ ಬಂದು ನಿಂತಿತ್ತು. ಒಬ್ಬಾಕೆ ಸುಲಿದ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನುವುದನ್ನೇ ಮರೆತಿದ್ದಳು.

ಪಂಪಣ್ಣನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಳವಂಡಿ ರಸ್ತೆಯ ಹಾರಾಟ ಶಾಲೆಗೆ ಅವನು ಮ್ಯಾನೇಜರ್. ವಿಮಾನ ಹಾರಿಸುವವರೇ ಅವನಿಗೆ ಸರ್ ಅನ್ನುತ್ತಾರೆ. ಎಮ್ಮೆ ಕಟ್ಟಿ ಹಾಲು ಮಾರುವ ಹೆಂಗಸಿನಿಂದ ನಾಲ್ಕು ಜನರ ಎದುರು ಬೈಸಿಕೊಂಡು ಅವನಿಗೆ ರೂಢಿ ಇರಲಿಲ್ಲ.

“ನಿನ್ನ ಮಗಳು ನಮ್ಮ ವಿಮಾನ ಕೆಡವ್ಯಾಳ. ಛಲೋ ಪೈಲಟ್‌ನ್ನ ಕೊಂದಾಳ. ಗಾಬರಿಯೊಳಗ ತಪ್ಪಾತು ಅಂತ ಸಹಿ ಹಾಕಿದ್ರ ಇಲ್ಲಿಗೆ ಮುಗೀತತಿ. ಇಲ್ಲಂದ್ರ ಜೈಲು. ಆಮ್ಯಾಲೆ ಆಕಿಗೆ ಆಕಾಶ ಕಿಟಕ್ಯಾಗ ಅಷ್ಟ ಕಾಣ್ತತಿ.”

“ನಾ ಕೆಡವಿಲ್ಲ.” ಹಾಸಿಗೆಯಿಂದ ಬಂದ ದನಿ ಸಣ್ಣದು, ಆದರೆ ನಡುಗಲಿಲ್ಲ. “ನಾ ಇಳಿಸೀನಿ.”

ರಂಜಿತಾಳ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಹಣೆಯ ಮೇಲೆ ಹೊಲಿಗೆ. ಕುಷ್ಟಗಿ ತಾಲೂಕಿನ ಹಳ್ಳಿಯ ಹುಡುಗಿ, ಹಾರಾಟ ಕಲಿಯಲು ಸರಕಾರದ ನೆರವು ಸಿಕ್ಕಿ ಬಂದವಳು. ಹೋದ ಮಂಗಳವಾರ ಬೆಳಿಗ್ಗೆ ಇಟಗಿ ಹತ್ತಿರ ಕಡಲೆ ಹೊಲಕ್ಕೆ ಬಂದು ಬಿದ್ದ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಶಿಕ್ಷಕ ಗವಿಸಿದ್ದೇಶ ಸತ್ತ, ಶಿಷ್ಯೆ ರಂಜಿತಾ ಉಳಿದಳು. ಉಳಿದವಳ ಮೇಲೆ ತಪ್ಪು ಹೊರಿಸುವುದು ಸುಲಭ. ಶಾಲೆ ಅದನ್ನೇ ಮಾಡುತ್ತಿತ್ತು.

“ಆ ಕಾಗದ ಇತ್ಲಾಗ ಕೊಡ್ರಿ.”

ಬಾಗಿಲಲ್ಲಿದ್ದ ಮಂದಿಯನ್ನು ಸರಿಸಿಕೊಂಡು ಇನ್ಸ್‌ಪೆಕ್ಟರ್ ಅಮರಮ್ಮ ಒಳಗೆ ಬಂದಳು. ಹಿಂದೆ ಏದುಸಿರು ಬಿಡುತ್ತ ಹೆಡ್ ಕಾನ್‌ಸ್ಟೇಬಲ್ ಹೊಳಿಯಪ್ಪ. ಅಮರಮ್ಮ ಕೈ ಚಾಚಿದ ರೀತಿಗೆ ಪಂಪಣ್ಣನಿಗೆ ಇಲ್ಲವೆನ್ನಲು ಆಗಲಿಲ್ಲ.

ಅವಳು ಓದಿದಳು. ಎರಡು ಸಾಲು ಓದಿ ನಿಲ್ಲಿಸಿದಳು.

“‘ಭಯಗೊಂಡ ನಾನು ವಿಮಾನ ನಡೆಸುವ ಸ್ಟಿಕ್ಕನ್ನು ತಪ್ಪಾಗಿ ಎಳೆದ ಕಾರಣ.’ ಇದನ್ನ ಬರೆದೋರು ಯಾರು?”

“ನಮ್ಮ ವಕೀಲರು, ಮೇಡಂ.”

“ವಕೀಲರು ವಿಮಾನದಾಗ ಕುಂತಿದ್ರೇನು?”

“ಇಲ್ರಿ, ಅದು...”

“ಮತ್ತ ಸ್ಟಿಕ್ ಯಾರು ಎಳೆದ್ರು, ಯಾಕ ಎಳೆದ್ರು ಅನ್ನೋದು ಅವರಿಗೆ ಕನಸು ಬಿತ್ತೇನು?” ಅಮರಮ್ಮ ಕಾಗದವನ್ನು ನಾಲ್ಕಾಗಿ ಮಡಚಿ ಹೊಳಿಯಪ್ಪನಿಗೆ ಕೊಟ್ಟಳು. “ನನ್ನ ತನಿಖಿ ಮುಗಿಯೂತನಕ ಈ ಹುಡುಗಿ ಕಡಿಂದ ಯಾವನರ ಸಹಿ ಕೇಳಿದ್ರ ಅವನ್ನ ಮೊದಲ ಒಳಗ ಹಾಕ್ತೀನಿ. ಹೊರಗ ಬೆಂಚ್ ಐತಿ, ಕುಂದರ್ರಿ. ಎದ್ದು ಹೋಗಬ್ಯಾಡ್ರಿ.”

ಪಂಪಣ್ಣ ಹೊರಗೆ ಹೋದ. ಬಾಗಿಲ ಮಂದಿಯೂ ಕರಗಿತು.

“ಹಿಂಗ ಮೊದಲ ಬಂದಿದ್ರ ನನ್ನ ಗಂಟಲರ ಉಳೀತಿತ್ತಲ್ರೀ, ಮೇಡಮ್ಮಾರ,” ಅಂದಳು ಗಾಳೆಮ್ಮ.

“ನಿನ್ನ ಗಂಟಲಿಗೆ ಏನೂ ಆಗಂಗಿಲ್ಲ ಬಿಡು ಯಕ್ಕಾ. ಕೆಳಗ ಜೀಪಿನ ತನಕ ಕೇಳಾಕತ್ತಿತ್ತು.”

ಡಾಕ್ಟರ್ ದ್ಯಾಮಣ್ಣ ಅಷ್ಟರಲ್ಲಿ ಬಂದರು. ಅವರನ್ನು ಕರೆಸಿದ್ದು ಅಮರಮ್ಮನೇ. ಯಲಬುರ್ಗಾದವರು, ಶಾಲೆಯ ಪೈಲಟ್‌ಗಳ ಕಣ್ಣು, ಕಿವಿ, ಎದೆ ನೋಡಿ ಹಾರಲು ಯೋಗ್ಯ ಅಂತ ಬರೆದುಕೊಡುವ ವೈದ್ಯರು. ಪ್ರತಿ ಹೊಸ ತಂಡಕ್ಕೆ ‘ಆಕಾಶದಲ್ಲಿ ಮೈ’ ಅಂತ ಪಾಠವನ್ನೂ ಮಾಡುತ್ತಾರೆ. ಮಾತೆಂದರೆ ಅವರಿಗೆ ಹಬ್ಬ.

“ಡಾಕ್ಟ್ರೇ, ನೇರ ಕೇಳ್ತೀನಿ,” ಅಂದಳು ಅಮರಮ್ಮ. “ಗವಿಸಿದ್ದೇಶ ಗಟ್ಟಿಮುಟ್ಟ ಹುಡುಗ. ಪೋಸ್ಟ್‌ಮಾರ್ಟಂನಾಗ ಎದಿ ಛಲೋ ಐತಿ, ಮೆದುಳಿನಾಗ ಹಳೇ ರೋಗ ಇಲ್ಲ, ಸೆರೆ ಕುಡಿದಿಲ್ಲ. ಬಿದ್ದಾಗ ತಲಿಗೆ ಪೆಟ್ಟಾಗಿ ಸತ್ತಾನ. ಆದ್ರ ಈ ಹುಡುಗಿ ಹೇಳೂದು, ಬೀಳೂಕಿಂತ ಮೊದಲ ಅವನಿಗೆ ಎಚ್ಚರ ಇರಲಿಲ್ಲ ಅಂತ. ಹಂಗ ಆಗಬಹುದೇನು?”

“ಆಕಿ ಬಾಯಿಂದ ಒಂದು ಸಲ ಕೇಳೋಣು.”

ರಂಜಿತಾ ಎಡಗೈಯಿಂದ ಒತ್ತಿಕೊಂಡು ಎದ್ದು ಕೂತಳು. ಇದನ್ನು ಅವಳು ಅದೆಷ್ಟು ಸಲ ಹೇಳಿದ್ದಳೋ. ಆದರೂ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಸ್ವಚ್ಛವಾಗಿ ಹೇಳಿದಳು.

“ಅವತ್ತು ಕಡಿದಾದ ತಿರುವಿನ ಪಾಠ ಇತ್ರಿ. ವಿಮಾನನ ಒಂದು ಮಗ್ಗಲಿಗೆ ಪೂರಾ ಬಾಗಿಸಿ ಗುಂಡಗ ತಿರುಗಿಸೋದು. ಮೊದಲನೇದು ಸರ್ ತೋರಿಸಿದ್ರು. ಮುಗಿಸಿದ ಮ್ಯಾಲೆ ಹಣಿ ಒರೆಸ್ಕೊಂಡ್ರು. ಎರಡನೇದು ಸುರು ಮಾಡಿ ಅರ್ಧಕ್ಕ ಬಂದಾಗ, ‘ರಂಜಿತಾ, ಎಲ್ಲಾ ಬೂದಿ ಬೂದಿ ಕಾಣಾಕತ್ತೈತಿ, ನೀ ಹಿಡಿ’ ಅಂದ್ರು. ನಾ ಹಿಡಿಯೂದ್ರೊಳಗ ಸ್ಟಿಕ್ ಮ್ಯಾಲೆ ಬಿದ್ದುಬಿಟ್ರು. ವಿಮಾನ ಮೂತಿ ಕೆಳಗ ಮಾಡ್ತು. ನಾ ಒಂದು ಕೈಲೆ ಅವರ ಅಂಗಿ ಹಿಡಿದು ಹಿಂದಕ್ಕ ಎಳೆದೆ, ಒಂದು ಕೈಲೆ ಸ್ಟಿಕ್ ಎಳೆದೆ. ಹೊಲ ಕಾಣ್ತು. ಇಳಿಸಿದೆ. ಹೊಲದ ಬದು ಬಂತು, ಬಡೀತು.”

“ಇಳಿಯೂ ಮುಂದ ಅವನ ಕಣ್ಣು ತೆರೆದಿತ್ತೇನು?”

“ಅವರ ಕಡೆ ನೋಡಾಕ ಟೈಮ್ ಎಲ್ಲಿತ್ರಿ?”

ದ್ಯಾಮಣ್ಣ ಕುರ್ಚಿಯಲ್ಲಿ ಮುಂದೆ ಸರಿದರು. “ಬೂದಿ ಬೂದಿ. ಇದೇ ಮಾತು ಅಂದನಾ?”

“ಇದೇ ಮಾತು.”

“ಮೇಡಂ, ಈ ಹುಡುಗಿ ಸುಳ್ಳು ಹೇಳಾಕತ್ತಿಲ್ಲ. ಇದನ್ನ ಕತಿ ಕಟ್ಟಾಕ ಬರಂಗಿಲ್ಲ.” ಅವರು ಎರಡೂ ಕೈ ಎತ್ತಿದರು. “ಕೊಡಪಾನಕ್ಕ ಹಗ್ಗ ಕಟ್ಟಿ ತಲಿ ಮ್ಯಾಲಿಂದ ಗರಗರ ತಿರುಗಿಸಿದ್ರ ನೀರು ಚೆಲ್ಲಂಗಿಲ್ಲ, ತಳಕ್ಕ ಒತ್ತಿ ಕುಂದರ್ತತಿ. ಹೌದಿಲ್ಲೋ? ಕಡಿದಾದ ತಿರುವಿನ್ಯಾಗ ಪೈಲಟ್ ಅಂದ್ರ ಆ ಕೊಡಪಾನ, ಅವನ ರಕ್ತ ಅಂದ್ರ ಆ ನೀರು. ತಲಿಯಿಂದ ಇಳಿದು ಕಾಲಿಗೆ ಹೋಗಿ ಕುಂದರ್ತತಿ. ಎಂಬತ್ತು ಕಿಲೋ ಮನಿಷಾ ನೂರಾ ಅರವತ್ತು ಕಿಲೋ ಆಗ್ತಾನ. ಮೊದಲು ಸೋಲೋದು ಕಣ್ಣು. ಬಣ್ಣ ಹೋಗತಾವು, ಎಲ್ಲಾ ಬೂದಿ ಆಗ್ತತಿ. ಆಮ್ಯಾಲೆ ಕತ್ತಲಿ. ಆಮ್ಯಾಲೆ ಎಚ್ಚರ ತಪ್ಪತತಿ.”

ಹೊಳಿಯಪ್ಪ ತಲೆ ಆಡಿಸಿದ. “ಹುಲಿಗಿ ಜಾತ್ರ್ಯಾಗ ಗಾಲಿ ತೊಟ್ಟಿಲದಾಗ ಕುಂತಾಗ ನನಗೂ ಹಂಗ ಆಗಿತ್ರಿ, ಸರ.”

“ನಿಮಗ ಆದದ್ದು ರಕ್ತದಿಂದ ಅಲ್ಲ, ಹೊಳಿಯಪ್ಪಾರ,” ಅಂದಳು ಅಮರಮ್ಮ. “ಅದಕ್ಕಿಂತ ಮೊದಲ ತಿಂದ ಮಿರ್ಚಿಯಿಂದ. ಡಾಕ್ಟ್ರೇ, ಆ ತಿರುವು ದಿನಾ ಮಾಡೋರು ದಿನಾ ಎಚ್ಚರ ತಪ್ತಾರೇನು?”

“ಇಲ್ಲ. ಅದ ಮಾತು. ಆ ವಿಮಾನದಾಗ ಅಷ್ಟು ತಿರುವಿಗೆ ಆರೋಗ್ಯವಂತ ಪೈಲಟ್‌ಗೆ ಏನೂ ಆಗಬಾರದು. ಕಾಲು ಬಿಗಿ ಹಿಡಿದು, ಹೊಟ್ಟಿ ಬಿಗಿ ಹಿಡಿದು ಕುಂದ್ರಾಕ ಕಲಿಸಿರ್ತೀವಿ. ಆಗೂದು ಯಾವಾಗ ಅಂದ್ರ, ಮೈ ಮೊದಲ ಸೋತಿದ್ದಾಗ. ನಿದ್ದಿ ಇಲ್ಲದಾಗ, ನೀರು ಕುಡೀದಾಗ, ಹೊಟ್ಟಿ ಖಾಲಿ ಇದ್ದಾಗ. ನೆಲದ ಮ್ಯಾಲೆ ಗೊತ್ತೂ ಆಗದ ಸಣ್ಣ ಕೊರತಿ ಮ್ಯಾಲೆ ಹೋದಾಗ ದೊಡ್ಡದಾಗ್ತತಿ. ಅಲ್ಲಿ ಗಾಳಿ ತೆಳುವು, ರಕ್ತಕ್ಕ ಸಿಗೋ ಪ್ರಾಣವಾಯು ಕಡಿಮಿ. ಮೂಗು ಕಟ್ಟಿದ್ದ ಸಾಕು, ಇಳಿಯುವಾಗ ಕಿವಿ ತಮಟಿ ಹರಿದಂಗ ಆಗ್ತತಿ. ನೆಗಡಿ ಗುಳಿಗಿ ನುಂಗಿದ್ದ ಸಾಕು, ಕಣ್ಣು ಎಳೀತಾವು. ಅದಕ್ಕ ನಾ ಇವರಿಗೆ ಹೇಳೋದು, ಮೈ ಸರಿ ಇಲ್ಲಂದ್ರ ಸುಮ್ಮನ ಮನ್ಯಾಗ ಮಲಗ್ರಿ ಅಂತ.”

“ಹೊಟ್ಟಿ ಖಾಲಿ ಇತ್ತು,” ಅಂದಳು ಅಮರಮ್ಮ. “ಪೋಸ್ಟ್‌ಮಾರ್ಟಂನಾಗ ಐತಿ.”

“ಮಂಗಳವಾರ ಅಲ್ರೀ,” ಅಂದಳು ರಂಜಿತಾ. “ಹುಲಿಗೆಮ್ಮನ ವಾರ. ಸರ್ ಮಂಗಳವಾರ ನಿಟ್ಟುಪವಾಸ ಹಿಡೀತಿದ್ರು. ದೀಪ ಹಚ್ಚೂತನಕ ನೀರೂ ಮುಟ್ತಿರಲಿಲ್ಲ. ಅವರ ಮನ್ಯಾಗ ಹಿಂದಿಂದ ಬಂದದ್ದು. ಶಾಲ್ಯಾಗ ಎಲ್ಲಾರಿಗೂ ಗೊತ್ತು.”

“ಎಲ್ಲಾರಿಗೂ? ಡಾಕ್ಟ್ರೇ, ನಿಮಗೂ?”

ದ್ಯಾಮಣ್ಣನವರ ಮಾತು ಮೊದಲ ಸಲ ತಡವರಿಸಿತು. “ಗೊತ್ತಿತ್ತು. ಬೈದಿದ್ದೆ ಕೂಡ. ಮಂಗಳವಾರ ಹಗುರ ಹಾರಾಟ ಅಷ್ಟ ಮಾಡ್ತೀನಿ ಅಂತಿದ್ದ. ಆದ್ರ ಎಷ್ಟೋ ವರ್ಷ ಉಪಾಸ ಹಾರ್ಯಾನ, ಎಂದೂ ಬಿದ್ದಿಲ್ಲ. ಉಪಾಸ ಒಂದರಿಂದ ಆಗಿಲ್ಲ ಇದು. ಇನ್ನೊಂದೇನೋ ಐತಿ.”

“ಇನ್ನೊಂದು ಇಲ್ಲೈತಿ.” ಅಮರಮ್ಮ ತನ್ನ ಮೊಬೈಲ್ ಅವರ ಮುಂದೆ ಹಿಡಿದಳು. ಹೆಣದ ಎಡಗೈಯ ಚಿತ್ರ. ಮೊಣಕೈ ಒಳಮಡಿಕೆಯಲ್ಲಿ ನೇರಳೆ ಹಣ್ಣಿನಷ್ಟು ನೀಲಿ, ನಡುವೆ ಒಂದು ಚುಕ್ಕೆ. “ಆ್ಯಂಬುಲೆನ್ಸ್‌ನಾಗ ಸಲೈನ್ ಹಚ್ಚಿದ್ದು ಅಂತ ಎಲ್ಲಾರೂ ತಿಳ್ಕೊಂಡ್ರು. ನಾನೂ ತಿಳ್ಕೊಂಡಿದ್ದೆ. ಹೊಳಿಯಪ್ಪಾರ, ಹೇಳ್ರಿ.”

“ಆ್ಯಂಬುಲೆನ್ಸ್ ಡ್ರೈವರ್ ತಾಹೇರನ್ನ ಕೇಳಿದೆ, ಸರ. ‘ಹೊಲದಾಗ ಮುಟ್ಟಿ ನೋಡಿದಾಗ ಉಸಿರಿರಲಿಲ್ಲ, ಸತ್ತವರಿಗೆ ಯಾಕ ಸೂಜಿ ಚುಚ್ಚೋಣು’ ಅಂದ.”

ದ್ಯಾಮಣ್ಣ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.

“ಔಷಧ ಕೊಡೋ ಸೂಜಿ ಅಲ್ಲ ಇದು. ದಪ್ಪ ಸೂಜಿ. ರಕ್ತ ತೊಗೊಳ್ಳೋ ಸೂಜಿ. ಬಿದ್ದ ದಿನದ್ದೂ ಅಲ್ಲ, ಹಿಂದಿನ ದಿನದ ನೀಲಿ.” ಅವರ ದನಿ ಏರಿತು. “ರಕ್ತ ಕೊಟ್ಟಿದ್ನೇನು ಈ ಹುಚ್ಚ? ರಕ್ತ ಕೊಟ್ಟ ಪೈಲಟ್ ಕೆಲವು ದಿನ ವಿಮಾನ ಮುಟ್ಟಬಾರದು. ನೆಲದ ಮ್ಯಾಲೆ ನಡೆದಾಡಾಕ ಏನೂ ತ್ರಾಸಿಲ್ಲ. ಮ್ಯಾಲೆ ಹೋದ್ರ ಕಥಿನ ಬ್ಯಾರೆ. ಮ್ಯಾಲೆ ಉಪಾಸ, ನೀರಿಲ್ಲ, ಅದರ ಮ್ಯಾಲೆ ಆ ತಿರುವು. ಕೊಡಪಾನದಾಗ ನೀರ ಕಡಿಮಿ ಇದ್ರ ಕುತ್ತಿಗಿ ತನಕ ಎಲ್ಲಿಂದ ಬರಬೇಕು?”

“ಈ ನಿಯಮ ಅವನಿಗೆ ಗೊತ್ತಿತ್ತೇನು?”

“ನಾ ಊರಾಗ ಇಲ್ಲದಾಗ ಆ ಪಾಠ ಮಾಡ್ತಿದ್ದಾವನ ಅವ!”

ರಂಜಿತಾ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ತನ್ನ ಕೈ ತಪ್ಪಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಬೇರೆಯವರ ಬಾಯಿಂದ ಅದು ಮೊದಲ ಸಲ ಬಂದಿತ್ತು.

ಅಮರಮ್ಮ ನೋಡಿದ್ದು ರಂಜಿತಾಳನ್ನಲ್ಲ.

ರಕ್ತ ಅನ್ನುವ ಮಾತು ಬಂದ ಕೂಡಲೇ ಗಾಳೆಮ್ಮ ಕಿಟಕಿ ಕಡೆ ತಿರುಗಿದ್ದಳು. ಅಷ್ಟು ಹೊತ್ತು ಮಾತಿಗೆ ಮಾತು ಒಗೆಯುತ್ತಿದ್ದ ಹೆಂಗಸು ತುಟಿ ಹೊಲಿದುಕೊಂಡಂತೆ ನಿಂತಿದ್ದಳು. ಮತ್ತು ಎರಡೂ ಕೈ ಬೆರಳನ್ನು ಕೆನ್ನೆಗೆ ಒತ್ತಿ ಮೆಲ್ಲಗೆ ನೆಟಿಗೆ ಮುರಿದಿದ್ದಳು.

ಅಮರಮ್ಮ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ನೆಟಿಗೆ ಯಾರಿಗೆ ಮುರಿಯುತ್ತಾರೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸತ್ತವನಿಗೆ ಯಾರೂ ದೃಷ್ಟಿ ತೆಗೆಯುವುದಿಲ್ಲ; ತೆಗೆಯುವುದು ಕೂಸಿಗೆ, ಬಾಣಂತಿಗೆ.

“ತಂಗಿ,” ಅಂದಳು ರಂಜಿತಾಳಿಗೆ, ಕಣ್ಣು ಮಾತ್ರ ತಾಯಿಯ ಮೇಲೆ. “ನಿಮ್ಮ ಮನ್ಯಾಗ ಬಾಣಂತಿ ಯಾರದಾರ?”

“ನಮ್ಮಕ್ಕ, ಮೇಡಂ. ಅನ್ನಪೂರ್ಣ. ಗಂಗಾವತಿಗೆ ಕೊಟ್ಟೀವಿ. ಸೋಮವಾರ ಮುಂಜಾನಿ ಹಡದಾಳ, ಹೆಣ್ಣು ಕೂಸು. ಯಾಕ್ರಿ?”

“ಸೋಮವಾರ,” ಅಂದಳು ಅಮರಮ್ಮ. “ವಿಮಾನ ಬಿದ್ದ ಹಿಂದಿನ ದಿನ. ಗಾಳೆಮ್ಮಾ, ಇತ್ಲಾಗ ತಿರುಗು.”

“ನನಗ ಏನೂ ಗೊತ್ತಿಲ್ರಿ.”

“ನಾ ಇನ್ನೂ ಏನೂ ಕೇಳಿಲ್ಲ.”

“ಕೇಳಿದ್ರೂ ಗೊತ್ತಿಲ್ರಿ.”

“ಗವಿಸಿದ್ದೇಶ ನಿಮಗ ಏನಾಗ್ಬೇಕು?”

“ನಮ್ಮೂರ ಹುಡುಗ. ನನ್ನ ಅತ್ತಿ ಅಂತಿದ್ದ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದು ಕಾಲಕ್ಕ ನಮ್ಮ ಅನ್ನಪೂರ್ಣನ್ನ ಅವಗ ಕೊಡಬೇಕು ಅಂತ ಮಾತಾಗಿತ್ತು. ಜಾತಕ ಕೂಡಲಿಲ್ಲ.”

“ಆಕಿಗೆ ರಕ್ತ ಬೇಕು ಅಂದ್ರ ಓಡಿ ಬರಾವ,” ಅಂದಳು ಅಮರಮ್ಮ.

ಗಾಳೆಮ್ಮ ಮತ್ತೆ ಕಿಟಕಿಗೆ ಮುಖ ಮಾಡಿದಳು.

ಅಮರಮ್ಮನಿಗೆ ಸಿಟ್ಟು ಬಂತು. ಅವಳ ಸಿಟ್ಟು ಸುತ್ತು ಬಳಸು ಬರುವುದಿಲ್ಲ. “ಎಂಥಾ ತಾಯಿ ನೀನು? ಆಗಿನಿಂದ ಆ ಪಂಪಣ್ಣನ ಮ್ಯಾಲೆ ಬಾಯಿ ಮಾಡ್ತಿ, ಮಗಳು ತಪ್ಪು ಮಾಡಿಲ್ಲ ಅಂತಿ. ತಪ್ಪು ಮಾಡಿಲ್ಲ ಅನ್ನೋ ಪುರಾವೆ ನಿನ್ನ ಬಾಯಾಗ ಇಟ್ಕೊಂಡು ನಿಂತೀಯಲ್ಲ! ನೀ ಒಂದು ಮಾತು ಹೇಳಿದ್ರ ನಿನ್ನ ಮಗಳು ಮತ್ತ ವಿಮಾನ ಹತ್ತತಾಳ. ಹೇಳಲಿಲ್ಲಂದ್ರ ಊರೆಲ್ಲಾ ಆಕಿಗೆ ಗುರುವಿನ್ನ ಕೊಂದಾಕಿ ಅಂತತಿ. ಮುದುಕಿ ಆಗೂತನಕ ಅಂತತಿ.”

“ಹೇಳಿದ್ರ ದೊಡ್ಡಾಕಿ ಹೋಗ್ತಾಳ!” ಗಾಳೆಮ್ಮ ಗೋಡೆಗೆ ಒರಗಿ ಕುಸಿದು ಕೂತಳು. “ನಮ್ಮ ಮನ್ಯಾಗ ಬಾಣಂತಿಗೆ ಕೊಟ್ಟದ್ದನ್ನ ಕೂಸನ್ನ ತೊಟ್ಟಿಲಕ್ಕ ಹಾಕೂತನಕ ಬಾಯಿ ಬಿಟ್ಟು ಹೇಳಂಗಿಲ್ರಿ. ಹಾಲು ಕೊಟ್ರೂ ಹೇಳಂಗಿಲ್ಲ, ಅರಿವಿ ಕೊಟ್ರೂ ಹೇಳಂಗಿಲ್ಲ. ನಮ್ಮ ತಂಗಿ ಸಣ್ಣವ್ವ ಹಡೆದಾಗ ನಾನ ಹೇಳಿದ್ದೆ, ಭಾವಿ ಕಟ್ಟಿ ಮ್ಯಾಲೆ ನಿಂತು ಹೆಮ್ಮಿಲೆ ಹೇಳಿದ್ದೆ, ಇಂಥಾದ್ದು ಕೊಟ್ಟೀನಿ ಅಂತ. ವಾರ ಆಗಲಿಲ್ಲ, ಮೈ ಬೆಂಕಿ ಆಗಿ ಹೋದ್ಲು. ಈಗ ನೀರಲ್ಲ, ಹಾಲಲ್ಲ, ರಕ್ತ ಕೊಟ್ಟಾನ್ರಿ ಅವ. ರಕ್ತ!”

ಹೇಳಿಬಿಟ್ಟಿದ್ದಳು. ಅದು ಅವಳಿಗೇ ಆಮೇಲೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಮರಮ್ಮ ಅವಳ ಎದುರಿಗೆ ನೆಲದ ಮೇಲೇ ಕೂತಳು. ದನಿ ಇಳಿಸಿದಳು. “ಮೈ ಬೆಂಕಿ ಆತು ಅಂದ್ರ ಸಣ್ಣವ್ವಂಗ ನಂಜಾಗಿತ್ತು ಯಕ್ಕಾ. ಔಷಧ ಸಿಗಲಿಲ್ಲ, ಹೋದ್ಲು. ನಿನ್ನ ಮಾತಿನಿಂದ ಅಲ್ಲ. ಡಾಕ್ಟ್ರು ಇಲ್ಲೇ ಅದಾರ, ಕೇಳು.”

“ಖರೇ ಅದು, ಯಕ್ಕಾ,” ಅಂದರು ದ್ಯಾಮಣ್ಣ.

“ಈಗ ಪೂರ್ತಿ ಹೇಳು.”

ಗಾಳೆಮ್ಮ ಹೇಳಿದಳು. ಸೋಮವಾರ ಮಧ್ಯಾಹ್ನ ಅವಳು ಗಂಗಾವತಿಯ ಹೆರಿಗೆ ಆಸ್ಪತ್ರೆಯಲ್ಲಿ ಮಗಳ ಹತ್ತಿರ ಇದ್ದಳು. ಫೋನ್ ಬಂತು. ಆ ಕಡೆಯವರು ಹೇಳಿದ್ದು ಇಷ್ಟು: ಬಾಣಂತಿಗೆ ರಕ್ತ ಸಾಲದು, ಒಳಗಿನ ಡಾಕ್ಟರು ನಿನ್ನ ಎದುರು ಹೇಳುವುದಿಲ್ಲ, ಹೇಳಿದರೆ ಬಾಣಂತಿ ಹೆದರುತ್ತಾಳೆ. ಗವಿಸಿದ್ದೇಶನ ರಕ್ತ ಕೂಡುತ್ತದೆ, ಅವನನ್ನು ಕರೆಸು. ಅವಳು ಕರೆಸಿದಳು. ಹೊತ್ತು ಇಳಿಯುವ ಮೊದಲು ಅವನು ಬೈಕಿನಲ್ಲಿ ಬಂದ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಬಿಳಿ ಗಾಡಿ ನಿಂತಿತ್ತು. ಮುಖಕ್ಕೆ ಮಾಸ್ಕ್ ಹಾಕಿದವನೊಬ್ಬ ಅದರೊಳಗೇ ಅವನನ್ನು ಮಲಗಿಸಿ ರಕ್ತ ತೆಗೆದ.

“ನಾ ಬಾಗಲಾಗ ನಿಂತಿದ್ನಿ. ‘ಬೇಕಾದಷ್ಟು ತೊಗೋರಿ, ಆಕಿ ಉಳೀಬೇಕು’ ಅಂದ ಆ ಹುಡುಗ. ಎರಡು ಚೀಲ ತುಂಬಿದ್ರು.”

ದ್ಯಾಮಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. “ಎಷ್ಟು?”

“ಎರಡು.”

“ಒಬ್ಬನ ಮೈಯಿಂದ ಒಂದ ಸಲಕ್ಕ ಎರಡು ಚೀಲ? ಯಾವ ಬ್ಲಡ್ ಬ್ಯಾಂಕಿನಾವರೂ ತೆಗೆಯಂಗಿಲ್ಲ! ಒಂದರ ಮ್ಯಾಲೆ ಒಂದು ಹನಿ ತೆಗೆಯಂಗಿಲ್ಲ!”

“ನನಗೇನು ಗೊತ್ರಿ? ಬಾಣಂತಿಗೆ ಭಾಳ ಹೋಗಿರ್ಬೇಕು ಅಂತ ತಿಳಕೊಂಡೆ.” ಗಾಳೆಮ್ಮ ಅಳುತ್ತಿದ್ದಳು. “ತೊಟ್ಟಿಲ ಆಗೂತನಕ ಯಾರ ಮುಂದನೂ ಆಡಬ್ಯಾಡಪ್ಪಾ ಅಂತ ಹುಲಿಗೆಮ್ಮನ ಆಣಿ ಹಾಕಿಸ್ಕೊಂಡೆ. ‘ನಾಳೆ ಹಾರೂದು ಐತಿ ಅತ್ತಿ, ರಜಾ ಕೇಳಿದ್ರ ಯಾಕಂತ ಕೇಳ್ತಾರ’ ಅಂದ. ನಾ ಆಣಿ ಬಿಡಲಿಲ್ಲ. ‘ಆತು ಬಿಡು, ಒಂದು ತಾಸಿನ ಹಾರಾಟ, ಹೆಂಗೋ ಮುಗಿಸ್ತೀನಿ’ ಅಂತ ನಕ್ಕ.”

ಅಮರಮ್ಮ ಎದ್ದಳು. ತಲೆಯೊಳಗೆ ಎಲ್ಲವೂ ಒಂದೊಂದಾಗಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಇದು ಅಪಘಾತ ಅಲ್ಲ. ಕೊಲೆ. ವಿಮಾನದ ಒಂದು ಮೊಳೆಯನ್ನೂ ಸಡಿಲಿಸದೆ, ನೆಲದ ಮೇಲೆ ನಿಂತುಕೊಂಡೇ ಮಾಡಿದ ಕೊಲೆ.

“ಡಾಕ್ಟ್ರೇ, ಇದನ್ನ ಮಾಡಿದಾವಗ ಎರಡು ಸಂಗತಿ ಗೊತ್ತಿರ್ಬೇಕು. ರಕ್ತ ಕಡಿಮಿ ಆದ ಪೈಲಟ್ ಮ್ಯಾಲೆ ಹೋದ್ರ ಏನಾಗ್ತಾನ ಅನ್ನೋದು ಒಂದು. ಮಂಗಳವಾರ ಗವಿಸಿದ್ದೇಶ ನೀರೂ ಮುಟ್ಟಂಗಿಲ್ಲ ಅನ್ನೋದು ಇನ್ನೊಂದು. ಹೊರಗಿನಾವಗ ಮೊದಲನೇದು ಗೊತ್ತಿದ್ರ ಎರಡನೇದು ಗೊತ್ತಿರಂಗಿಲ್ಲ. ಊರಾವಗ ಎರಡನೇದು ಗೊತ್ತಿದ್ರ ಮೊದಲನೇದು ಗೊತ್ತಿರಂಗಿಲ್ಲ. ಎರಡೂ ಗೊತ್ತಿದ್ದೋರು ಕೆಲವರ ಅಷ್ಟ.”

“ನನ್ನ ಹೆಸರೂ ಅದರಾಗ ಬರ್ತತಿ,” ಅಂದರು ದ್ಯಾಮಣ್ಣ ನಿಧಾನವಾಗಿ.

“ಬರ್ತತಿ. ಹೊರಗ ಕುಂತ ಪಂಪಣ್ಣಂದೂ ಬರ್ತತಿ. ಅದಕ್ಕ ಇಬ್ಬರನ್ನೂ ನನ್ನ ಕಣ್ಣಿನ ಮುಂದ ಇಟ್ಟೀನಿ. ಹೊಳಿಯಪ್ಪಾರ, ಗಂಗಾವತಿ ಆಸ್ಪತ್ರಿಗೆ ಫೋನ್ ಹಚ್ರಿ. ಅನ್ನಪೂರ್ಣಗ ಯಾವಾಗ, ಎಷ್ಟು ರಕ್ತ ಹಾಕಿದ್ರು ಕೇಳ್ರಿ.”

ಹೊ‌ಳಿಯಪ್ಪ ಮೊಬೈಲ್ ತೆಗೆದುಕೊಂಡು ಕೋಣೆಯ ಮೂಲೆಗೆ ಹೋದ. ಅಮರಮ್ಮ ಗಾಳೆಮ್ಮನ ಕಡೆ ತಿರುಗಿದಳು.

“ಕಡೀ ಮಾತು ಯಕ್ಕಾ. ಆ ಫೋನ್ ಮಾಡಿದೋರು ಯಾರು? ಗುರುತಿಲ್ಲದಾವ ಹೇಳಿದ್ರ ನೀ ನಂಬಾಕಿ ಅಲ್ಲ. ಯಾರ ದನಿ ಅದು?”

ಗಾಳೆಮ್ಮನ ಬಾಯಿ ತೆರೆಯಿತು. ಅಷ್ಟರಲ್ಲಿ ಹಾಸಿಗೆಯಿಂದ ರಂಜಿತಾ ಕೂಗಿದಳು.

“ಅವ್ವಾ, ನೀ ನನಗ ಹೇಳಬೇಕಿತ್ತು!”

ಅಷ್ಟು ದಿನ ಕಣ್ಣಲ್ಲಿ ನೀರು ತರದ ಹುಡುಗಿ ಈಗ ಬಿಕ್ಕುತ್ತಿದ್ದಳು. “ಸೋಮವಾರ ರಾತ್ರಿ ನನಗ ಫೋನ್ ಮಾಡಿದ್ದಿ. ಅಕ್ಕ ಹಡದಾಳ, ಕೂಸು ಕೆಂಪಗ ಐತಿ, ಎಲ್ಲಾ ಹೇಳಿದಿ. ಇದೊಂದು ಹೇಳಿದ್ರ ನಾ ಸರ್‌ನ್ನ ಆ ವಿಮಾನ ಹತ್ತಾಕ ಬಿಡ್ತಿದ್ದಿಲ್ಲ. ಕಾಲು ಹಿಡಿದು ಎಳೀತಿದ್ದೆ. ಅವರ ಅಂಗಿ ಹಿಡಿದು ಎಳೆಯೋ ಕೆಲಸ ಮ್ಯಾಲೆ ಯಾಕ ಬರ್ತಿತ್ತು? ಅಲ್ಲಿ ಅವರು ನನ್ನ ಹೆಗಲ ಮ್ಯಾಲೆ ಒರಗಿ ಬಿದ್ದಿದ್ರು, ಅವ್ವಾ!”

ಗಾಳೆಮ್ಮ ಮಗಳನ್ನು ನೋಡಿದಳು. ಹತ್ತಿರ ಹೋಗಲಿಲ್ಲ. ಅವಳ ಮುಖದಲ್ಲಿ ಅಳು ನಿಂತುಹೋಗಿತ್ತು.

“ಎಲ್ಲಾ ನನ್ನ ಬಾಯಿಂದನ,” ಅಂದಳು. “ಅವತ್ತು ಹೇಳಿ ಕೆಡಿಸಿದೆ. ಇವತ್ತು ಹೇಳದ ಕೆಡಿಸಿದೆ.”

“ಕೆಡಿಸಿದ್ದು ನೀ ಅಲ್ಲ, ಫೋನ್ ಮಾಡಿದಾವ,” ಅಂದಳು ಅಮರಮ್ಮ. “ಹೆಸರು ಹೇಳು.”

“ಹೇಳ್ತೀನಿ. ನನ್ನ ಮಕ ನೋಡ್ರಿ ಹೆಂಗಾಗೈತಿ. ನಳದಾಗ ಒಂದು ಸಲ ತೊಳಕೊಂಡು ಬರ್ತೀನಿ, ಬಂದು ಹೇಳ್ತೀನಿ.”

ಅವಳು ಗೋಡೆ ಹಿಡಿದು ಎದ್ದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಬಾಗಿಲಲ್ಲಿ ನಿಂತು ರಂಜಿತಾಳನ್ನು ಒಮ್ಮೆ ತಿರುಗಿ ನೋಡಿದಳು, ಹೊರಗೆ ನಡೆದಳು.

ಅಮರಮ್ಮ ತಡೆಯಲಿಲ್ಲ. ತಡೆಯಬೇಕಿತ್ತು.

ಮೂಲೆಯಲ್ಲಿ ಹೊಳಿಯಪ್ಪ ಫೋನಿನಲ್ಲಿ, “ಮತ್ತೊಮ್ಮೆ ನೋಡಿ ಹೇಳ್ರಿ ಸಿಸ್ಟರ್,” ಅನ್ನುತ್ತಿದ್ದ. “ಅನ್ನಪೂರ್ಣ ಅಂತ. ಸೋಮವಾರ ಮುಂಜಾನಿ ಹಡದಾಕಿ. ಹ್ಞಾಂ... ಹ್ಞಾಂ...” ಅವನ ದಪ್ಪ ಮುಖ ಬಿಳಿಚಿತು. ಮೊಬೈಲ್ ಎದೆಗೆ ಒತ್ತಿ ಹಿಡಿದುಕೊಂಡ.

“ಮೇಡಂ, ಆಕಿಗೆ ರಕ್ತ ಹಾಕಿಲ್ಲಂತ್ರಿ.”

“ಏನಂದ್ರಿ?”

“ಒಂದು ಹನಿ ಹಾಕಿಲ್ಲಂತ. ಬೇಕಾಗೇ ಇರಲಿಲ್ಲಂತ. ಸರಳ ಹೆರಿಗಿ, ತಾಯಿ ಕೂಸು ಎರಡೂ ಗಟ್ಟಿ. ಅವತ್ತು ಎದ್ದು ಕುಂತು ಗಂಜಿ ಉಂಡಾಳಂತ. ಅವರು ಯಾರನ್ನೂ ರಕ್ತ ಕೇಳಿಲ್ಲಂತ, ಬಿಳಿ ಗಾಡಿ ಅವರದ್ದಲ್ಲಂತ.”

ರಂಜಿತಾಳ ಬಿಕ್ಕು ನಿಂತಿತು. ದ್ಯಾಮಣ್ಣ ಗೋಡೆಯ ಕಡೆ ನೋಡುತ್ತ, “ಹಂಗಾರ ಆ ರಕ್ತ ಯಾರಿಗೆ?” ಅಂದರು.

“ಯಾರಿಗೂ ಅಲ್ಲ,” ಅಂದಳು ಅಮರಮ್ಮ. “ಚೆಲ್ಲಾಕ.”

ಅವಳು ಆಗಲೇ ಬಾಗಿಲಲ್ಲಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಪಂಪಣ್ಣ ಕೂತೇ ಇದ್ದ. ಅಂಗಿಯ ಗುಂಡಿ ಬಿಚ್ಚಿಕೊಂಡು ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

“ಗಾಳೆಮ್ಮ ಎಲ್ಲಿ?”

“ಈಗ ಹೋದ್ಲಲ್ರಿ, ನನ್ನ ಮುಂದನ. ನಾ ಅಂದೆ, ಬೈಯೋದು ಉಳಿದೈತೇನು ಯಕ್ಕಾ ಅಂತ. ತಿರುಗಿ ನೋಡಲಿಲ್ಲ.”

“ನಳದ ಕಡೆ?”

“ನಳ ಆ ಕಡಿ ಐತ್ರಿ. ಆಕಿ ಮೆಟ್ಟಿಲ ಕಡಿ ಹೋದ್ಲು.”

“ಜೋಡಿ ಯಾರಿದ್ರು?”

“ಯಾರೂ ಇಲ್ರಿ. ಒಬ್ಬಾಕಿನ ಇಳಿದು ಹೋದ್ಲು. ಬಿರಬಿರ.”

ಅಮರಮ್ಮ ಮೆಟ್ಟಿಲಿಳಿದಳು. ಕೆಳಗಿನ ಔಷಧದ ಅಂಗಡಿ, ಗೇಟು, ಎದುರಿನ ಚಹಾದ ಅಂಗಡಿ, ಆಟೊ ನಿಲ್ದಾಣ. ಗೇಟಿನ ಕಾವಲುಗಾರ ನೋಡಿದ್ದ. ಯಾರೂ ಕರೆಯಲಿಲ್ಲ, ಯಾರೂ ಎಳೆಯಲಿಲ್ಲ, ಫೋನೂ ಬಂದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿ ಬಸ್ ನಿಲ್ದಾಣದ ದಿಕ್ಕಿಗೆ ನಡೆದಿದ್ದಳು. ಜಗಳಕ್ಕೆ ಹೊರಟ ಹೆಂಗಸಿನ ಹಾಗೆ ನಡೆದಿದ್ದಳು ಅಂತ ಅವನು ಹೇಳಿದ.

ಶಂಕೆ ಇದ್ದ ಇಬ್ಬರೂ ಮೇಲೆ, ಅಮರಮ್ಮನ ಕಣ್ಣ ಮುಂದೆಯೇ ಇದ್ದರು. ಹಾಗಾದರೆ ಗಾಳೆಮ್ಮ ಹೊರಟದ್ದು ಯಾರ ಹತ್ತಿರಕ್ಕೆ? ಪೊಲೀಸರ ಎದುರು ಹೆಸರು ಹೇಳುವ ಮೊದಲು, ತಾನೇ ಹೋಗಿ ಮುಖ ನೋಡಿ ಕೇಳಬೇಕು ಅನ್ನಿಸುವಷ್ಟು ಹತ್ತಿರದವರು ಅವಳಿಗೆ ಯಾರು?

ಜೀಪು ಬಸ್ ನಿಲ್ದಾಣವನ್ನು ಎರಡು ಸುತ್ತು ಹಾಕಿತು. ಹೊಳಿಯಪ್ಪ ಕುಷ್ಟಗಿ ಬಸ್ಸು, ಯಲಬುರ್ಗಾ ಬಸ್ಸು, ಗಂಗಾವತಿ ಬಸ್ಸು ಎಲ್ಲವನ್ನೂ ಹತ್ತಿ ಇಳಿದ. ಅವಳ ಫೋನ್ ಬಂದ್ ಆಗಿತ್ತು.

ಮೇಲಿನ ಕೋಣೆಯಲ್ಲಿ ರಂಜಿತಾ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಅವಳನ್ನು ಪೂರ್ತಿ ಬಿಡಿಸುವ ಹೆಸರು ಇಡೀ ಲೋಕದಲ್ಲಿ ಒಬ್ಬರ ಬಾಯಲ್ಲಿತ್ತು. ಆ ಬಾಯಿ ಹೇಳುವ ಮೊದಲೇ ಎದ್ದು ಹೋಗಿತ್ತು.

ದೀಪ ಹಚ್ಚುವ ಹೊತ್ತಾಯಿತು. ಗಾಳೆಮ್ಮ ಬರಲಿಲ್ಲ. ಊರಿನ ಮನೆಗೂ ಹೋಗಲಿಲ್ಲ. ಗಂಗಾವತಿಯ ಬಾಣಂತಿಯ ಹತ್ತಿರಕ್ಕೂ ಹೋಗಲಿಲ್ಲ.